ಬೀಗದ ವಾರ್ಡಿನ ಒಳಗೆ ಆರೈಕೆ ಸರಿ ಇದ್ಯಾ? ನೋಡೋರು ಯಾರು, ಮನೆಯವರು ಏನು ಕೇಳಬೇಕು

ಅರಕೆರೆ: "ಒಳಕ್ಕೆ ಬುಟ್ಟೊ, ಬಾಗ್ಲು ಹಾಕ್ಕಂಡ್ರು. ಆಮೇಕೆ ಅಲ್ಲಿ ಉಣ್ಣಾಕೆ ಕೊಡ್ತಾರೋ, ಹೊಡೀತಾರೋ, ನಮ್ಗೆ ಹೆಂಗ್ ಗೊತ್ತಾಯ್ತದೆ ಹೇಳಪ್ಪ?"

ತಮ್ಮನನ್ನು ದೂರದ ಮಾನಸಿಕ ಆಸ್ಪತ್ರೆಗೆ ಸೇರಿಸಿ ಬಂದ ಅಂಗಡಿಯವರೊಬ್ಬರು ಕೇಳಿದ ಪ್ರಶ್ನೆ ಇದು. ಕೇಳುವವರು ಅವರೊಬ್ಬರೇ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯಿಂದ ಮಂಡ್ಯಕ್ಕೋ, ಮೈಸೂರಿಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದುಕೊಂಡು ಹೋಗಿ ಬಂದವರು ಪ್ರತಿ ಊರಲ್ಲೂ ಇದ್ದಾರೆ. ಕುಡಿತ ಬಿಡಿಸೋಕೆ ಅಂತ ಖಾಸಗಿ ಕೇಂದ್ರಕ್ಕೆ ಸೇರಿಸಿದವರು ಇನ್ನೂ ಜಾಸ್ತಿ. ಹೊರಗೆ ಬಾಯಿ ಬಿಟ್ಟು ಹೇಳಲ್ಲ ಅಷ್ಟೇ.

ಬೇರೆ ಆಸ್ಪತ್ರೆಯಾದರೆ ರೋಗಿಯೇ ಎದ್ದು ಜಗಳ ಆಡ್ತಾನೆ, ಬೇಡ ಅಂದ್ರೆ ಡಿಸ್ಚಾರ್ಜ್ ಮಾಡಿಸಿಕೊಂಡು ಬರ್ತಾನೆ. ಬೀಗದ ವಾರ್ಡಿನಲ್ಲಿ ಅದು ಆಗಲ್ಲ. ಅಲ್ಲಿರುವವರು ಹೇಳಿದರೂ "ಅವನಿಗೆ ತಲೆ ಸರಿ ಇಲ್ಲ ಬಿಡಿ" ಅಂತ ಮಾತು ಮುಗಿಸಿಬಿಡ್ತಾರೆ. ಅದಕ್ಕೇ ಇಂಥ ಜಾಗಕ್ಕೆ ಹೊರಗಿನವರ ತಪಾಸಣೆ ಬೇರೆಲ್ಲಕ್ಕಿಂತ ಹೆಚ್ಚು ಬೇಕು. ಕಾನೂನಿನಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಅದು ಏನು, ಯಾರು ಮಾಡಬೇಕು, ಮನೆಯವರಾಗಿ ನಮಗೆ ಯಾವ ಹಕ್ಕಿದೆ ಅನ್ನೋದನ್ನು ಒಂದೇ ಕಡೆ ಸಿಗುವ ಹಾಗೆ ಇಲ್ಲಿ ಕೊಟ್ಟಿದ್ದೇವೆ. ಇಟ್ಟುಕೊಳ್ಳಿ, ಬೇಕಾದವರಿಗೆ ಕಳಿಸಿ.

ಯಾವ ಕಾನೂನು?

ಈಗ ಜಾರಿಯಲ್ಲಿರೋದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017. ಇದು 2018ರ ಮೇ 29ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ 1987ರ ಕಾಯ್ದೆ ಇತ್ತು. ಅದಕ್ಕೂ ಹಿಂದೆ ಬ್ರಿಟಿಷರ ಕಾಲದ 1912ರ ಕಾಯ್ದೆ ಇತ್ತು. ಹಳೇ ಕಾಯ್ದೆಗಳ ಚಿಂತೆ ಎಲ್ಲ ಹೊರಗಿನ ಜನರನ್ನು ರೋಗಿಯಿಂದ ಕಾಪಾಡೋದು ಹೇಗೆ ಅಂತ. ಹೊಸ ಕಾಯ್ದೆ ರೋಗಿಗೆ ಏನೇನು ಹಕ್ಕಿದೆ ಅಂತ ಒಂದೊಂದಾಗಿ ಬರೆದಿದೆ.

ಒಂದು ವಿಷಯ ಗಮನಿಸಿ. ಈ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಅಂದ್ರೆ ಮದ್ಯ, ಮಾದಕ ವಸ್ತು ಸೇವನೆಯಿಂದ ಬರುವ ತೊಂದರೆಯೂ ಸೇರುತ್ತೆ. ಆದ್ದರಿಂದ ರೋಗಿಗಳನ್ನು ಒಳಗೆ ಇಟ್ಟುಕೊಂಡು ನೋಡುವ ಕುಡಿತ ಬಿಡಿಸುವ ಕೇಂದ್ರಗಳಿಗೂ ಇದೇ ನಿಯಮ. ಆಯುರ್ವೇದ, ಯೋಗ, ಯುನಾನಿ, ಹೋಮಿಯೋಪತಿ ಹೆಸರಲ್ಲಿ ಇಟ್ಟುಕೊಂಡರೂ ಅಷ್ಟೇ.

ಬೀಗದ ವಾರ್ಡಿಗೆ ಯಾರು ಹೋಗ್ತಾರೆ?

ಇಂಗ್ಲೆಂಡಿನಲ್ಲಿ ಅಪರಾಧ ಪ್ರಕರಣದ ಮಾನಸಿಕ ರೋಗಿಗಳಿಗೇ ಅಂತ ಭದ್ರತೆಯ ಆಸ್ಪತ್ರೆಗಳಿವೆ. 1863ರಲ್ಲಿ ಶುರುವಾದ ಬ್ರಾಡ್‌ಮೂರ್ ಅದರಲ್ಲಿ ಹೆಸರಾದದ್ದು. ನಮ್ಮಲ್ಲಿ ಬಹುತೇಕ ಮಾನಸಿಕ ಆಸ್ಪತ್ರೆಯೊಳಗೇ ಮುಚ್ಚಿದ ವಾರ್ಡು ಇರುತ್ತೆ. ಅಲ್ಲಿಗೆ ಹೋಗುವ ದಾರಿ ಮುಖ್ಯವಾಗಿ ಮೂರು.

ಮೊದಲನೆಯದು, ರೋಗಿಯೇ ಒಪ್ಪಿ ಸೇರೋದು. ಹೀಗೆ ಸೇರಿದವರು ಮನೆಗೆ ಹೋಗ್ತೀನಿ ಅಂದ್ರೆ ಬಿಡಬೇಕು. ತಮಗೋ ಬೇರೆಯವರಿಗೋ ಅಪಾಯ ಇದೆ ಅನ್ನಿಸಿದರೆ ಮಾತ್ರ ಪರೀಕ್ಷೆಗೆ ಅಂತ 24 ಗಂಟೆ ತಡೆಯಬಹುದು.

ಎರಡನೆಯದು, ರೋಗಿಗೆ ತೀರ್ಮಾನ ಮಾಡುವ ಸ್ಥಿತಿ ಇಲ್ಲದಾಗ ಮನೆಯವರು ಅರ್ಜಿ ಕೊಟ್ಟು ಸೇರಿಸೋದು. ಇದಕ್ಕೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು. ಅದರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಗರಿಷ್ಠ 30 ದಿನ. ಅದಕ್ಕಿಂತ ಜಾಸ್ತಿ ಇಡಬೇಕಾದರೆ ಇಬ್ಬರು ಮನೋವೈದ್ಯರು ಮತ್ತೆ ನೋಡಬೇಕು, ಪರಿಶೀಲನಾ ಮಂಡಳಿ ಒಪ್ಪಬೇಕು. ಮೊದಲು 90 ದಿನ, ಆಮೇಲೆ 120, ಆಮೇಲೆ ಒಂದೊಂದು ಸಲಕ್ಕೆ 180 ದಿನ. ಪ್ರತಿ ಸಲವೂ ಹೊಸದಾಗಿ ಕಾರಣ ಹೇಳಬೇಕು. "ಇರಲಿ ಬಿಡಿ, ಮನೆಯವರೇ ಬೇಡ ಅಂದವ್ರೆ" ಅನ್ನೋದು ಕಾರಣ ಆಗಲ್ಲ.

ಮೂರನೆಯದು, ಕೋರ್ಟು ಅಥವಾ ಜೈಲಿನಿಂದ ಬರುವವರು. ವಿಚಾರಣಾಧೀನ ಕೈದಿಗೋ ಶಿಕ್ಷೆಯಾದವರಿಗೋ ಮಾನಸಿಕ ಕಾಯಿಲೆ ಇದ್ದರೆ ಜೈಲಿನ ಚಿಕಿತ್ಸಾ ವಿಭಾಗದಲ್ಲಿ ನೋಡಬೇಕು, ಅಲ್ಲಿ ಆಗದಿದ್ದರೆ ಮಾನಸಿಕ ಆಸ್ಪತ್ರೆಗೆ ಕಳಿಸಬೇಕು. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನಲ್ಲಾದರೂ ಇಂಥ ಚಿಕಿತ್ಸಾ ಘಟಕ ಇರಬೇಕು ಅಂತ ಕಾಯ್ದೆ ಹೇಳುತ್ತೆ. ಜೈಲಿನ ವೈದ್ಯರು ಮೂರು ತಿಂಗಳಿಗೊಮ್ಮೆ ಮಂಡಳಿಗೆ ವರದಿ ಕೊಡಬೇಕು.

ಬೀದಿಯಲ್ಲಿ ಅಲೆಯುವವರ ವಿಷಯವೂ ಇದೆ. ಬಸ್ ಸ್ಟಾಂಡು, ಸಂತೆ, ದೇವಸ್ಥಾನದ ಹತ್ತಿರ ಅಂಥವರು ಕಂಡರೆ ಠಾಣೆಗೆ ತಿಳಿಸಬಹುದು. ಪೊಲೀಸರು ಅವರನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಲಾಕಪ್ಪಿನಲ್ಲೋ ಜೈಲಿನಲ್ಲೋ ಇಡುವ ಹಾಗಿಲ್ಲ.

ತಪಾಸಣೆ ಇಲ್ಲದಿದ್ದರೆ ಏನಾಗುತ್ತೆ?

ಇದನ್ನು ಹೇಳೋಕೆ ಎರಡು ಹೆಸರು ಸಾಕು.

ಏರ್ವಾಡಿ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಊರು. ಅಲ್ಲಿನ ದರ್ಗಾಕ್ಕೆ ಮಾನಸಿಕ ರೋಗಿಗಳನ್ನು ಕರೆತರುವ ಪದ್ಧತಿ ಇತ್ತು. ಸುತ್ತಮುತ್ತ ಖಾಸಗಿಯವರು 'ಮನೆ'ಗಳನ್ನು ನಡೆಸ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಜಾಗಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡೋಕೆ ಆಗಲಿಲ್ಲ. 28 ಜನ ಸತ್ತರು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅವರನ್ನು ಅಲ್ಲಿಗೆ ಸೇರಿಸಿದ್ದು ಅವರವರ ಮನೆಯವರೇ, ಗುಣವಾಗಲಿ ಅನ್ನೋ ಆಸೆಯಿಂದ.

ಮಚಾಂಗ್ ಲಾಲುಂಗ್. ಅಸ್ಸಾಮಿನವರು. 1951ರಲ್ಲಿ ಬಂಧಿಸಿ ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಗುಣವಾಗಿದ್ದಾರೆ ಅಂತ ಆಸ್ಪತ್ರೆ ಹೇಳಿತು. ಮನೆಗೆ ಬಿಡುವ ಬದಲು ಗುವಾಹಟಿ ಜೈಲಿಗೆ ಹಾಕಿದರು. ವಿಚಾರಣೆಯೇ ನಡೆಯಲಿಲ್ಲ. ಹೊರಗೆ ಬಂದದ್ದು 2005ರಲ್ಲಿ, 54 ವರ್ಷ ಆದ ಮೇಲೆ. ಈ ಮನುಷ್ಯ ಇನ್ನೂ ಯಾಕೆ ಒಳಗಿದ್ದಾನೆ ಅಂತ ಫೈಲು ತೆಗೆದು ಕೇಳುವವರು ಅಷ್ಟು ವರ್ಷ ಯಾರೂ ಬರಲಿಲ್ಲ.

ಸರ್ಕಾರಿ ಆಸ್ಪತ್ರೆಗಳನ್ನೂ ನೋಡಿದ್ದಾರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಪರವಾಗಿ ನಮ್ಮ ನಿಮ್ಹಾನ್ಸ್‌ನ ತಜ್ಞರು ದೇಶದ 37 ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿದರು. 1999ರಲ್ಲಿ ವರದಿ ಬಂತು. ನೂರಕ್ಕೆ 38 ಆಸ್ಪತ್ರೆಗಳು ಕಟ್ಟಿದ ಕಾಲದ ಜೈಲಿನ ರೂಪದಲ್ಲೇ ಇವೆ ಅಂತ ಅದರಲ್ಲಿ ಹೇಳಿದ್ದರು. ಆಮೇಲೆ ಆಯೋಗದವರು ಗ್ವಾಲಿಯರ್, ಆಗ್ರಾ, ರಾಂಚಿಯ ಆಸ್ಪತ್ರೆಗಳಿಗೆ ಖುದ್ದಾಗಿ ಹೋಗಿ ನೋಡಿದರು. 2023ರ ಜನವರಿಯಲ್ಲಿ ದೇಶದ 46 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಬಗ್ಗೆ ಆಯೋಗ ನೋಟಿಸ್ ಕೊಟ್ಟಿತು. ಗುಣವಾದವರನ್ನೂ ಒಳಗೇ ಇಟ್ಟುಕೊಂಡಿದ್ದಾರೆ ಅನ್ನೋದು ಅದರಲ್ಲಿದ್ದ ದೊಡ್ಡ ಆಕ್ಷೇಪ.

ತಪಾಸಣೆ ಮಾಡಬೇಕಾದವರು ಯಾರು?

ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ: ರೋಗಿಗಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ಇಲ್ಲಿ ನೋಂದಣಿ ಆಗಬೇಕು. ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ನೇತು ಹಾಕಿರುವ ಕೆಪಿಎಂಇ ಸರ್ಟಿಫಿಕೇಟ್ ಬೇರೆ, ಇದು ಬೇರೆ. ನೋಂದಣಿಯಾದ ಸಂಸ್ಥೆಗಳನ್ನು ಮೂರು ವರ್ಷಕ್ಕೊಮ್ಮೆ ಪರಿಶೀಲಿಸಬೇಕು. ಆ ತಂಡದಲ್ಲಿ ಸ್ಥಳೀಯ ಜನರ ಪ್ರತಿನಿಧಿಗಳೂ ಇರಬೇಕು ಅಂತ ಕಾಯ್ದೆಯಲ್ಲೇ ಇದೆ. ದೂರು ಬಂದರೆ, ಅಥವಾ ತಾನಾಗಿಯೇ, ಪ್ರಾಧಿಕಾರ ಮಧ್ಯದಲ್ಲಿ ಯಾವಾಗ ಬೇಕಾದರೂ ತಪಾಸಣೆಗೆ ಆದೇಶ ಮಾಡಬಹುದು. ನೋಂದಣಿ ಇಲ್ಲದೆ ನಡೆಸ್ತಿದ್ದಾರೆ ಅನ್ನೋ ಅನುಮಾನ ಬಂದರೆ ಒಳಗೆ ನುಗ್ಗಿ ಹುಡುಕುವ ಅಧಿಕಾರವೂ ಇದೆ.

ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ: ಇದು ಒಂದು ತರಹ ರೋಗಿಯ ಕೋರ್ಟು. ಜಿಲ್ಲಾ ನ್ಯಾಯಾಧೀಶರ ಮಟ್ಟದವರು ಅಧ್ಯಕ್ಷರು. ಜಿಲ್ಲಾಧಿಕಾರಿ ಕಡೆಯವರೊಬ್ಬರು, ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು ಇರ್ತಾರೆ. ಜೊತೆಗೆ ಕಾಯಿಲೆ ಅನುಭವಿಸಿದವರು, ಆರೈಕೆ ಮಾಡುವ ಮನೆಯವರು ಅಥವಾ ಸ್ವಯಂಸೇವಾ ಸಂಸ್ಥೆಯವರ ಪೈಕಿ ಇಬ್ಬರು. ಮನೆಯವರು ಸೇರಿಸಿದ ಪ್ರತಿ ರೋಗಿಯ ವಿವರ ಆಸ್ಪತ್ರೆಯಿಂದ ಮಂಡಳಿಗೆ 7 ದಿನದೊಳಗೆ ಹೋಗಬೇಕು. ಹೆಂಗಸರು ಮತ್ತು ಮಕ್ಕಳಾದರೆ 3 ದಿನ. "ನನ್ನನ್ನು ಸುಮ್ಮನೆ ಇಟ್ಟಿದ್ದಾರೆ" ಅಂತ ರೋಗಿ ಅರ್ಜಿ ಹಾಕಿದರೆ ಮಂಡಳಿ 7 ದಿನದಲ್ಲಿ ತೀರ್ಮಾನ ಮಾಡಬೇಕು. ಮಂಡಳಿಯ ಆದೇಶ ಪಾಲಿಸದ ಆಸ್ಪತ್ರೆಗೆ 5 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಮಾನವ ಹಕ್ಕುಗಳ ಆಯೋಗ, ಹೈಕೋರ್ಟು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ: ಇವರ ಬಾಗಿಲೂ ತೆರೆದೇ ಇದೆ. ಮಾನಸಿಕ ರೋಗಿಗೆ ಉಚಿತ ವಕೀಲರ ನೆರವು ಪಡೆಯೋದು ಹಕ್ಕು.

ಆಸ್ಪತ್ರೆ ಒಳಗೆ ಏನೇನು ನೋಡಬೇಕು?

ದೊಡ್ಡ ಅಧಿಕಾರಿ ಬರ್ತಾರೆ ಅಂದ್ರೆ ಸುಣ್ಣ ಬಣ್ಣ ಆಗುತ್ತೆ, ಹೊಸ ಬೆಡ್‌ಶೀಟು ಬರುತ್ತೆ. ಶಾಲೆ ಇನ್ಸ್‌ಪೆಕ್ಷನ್ ನೋಡಿದವರಿಗೆಲ್ಲ ಇದು ಗೊತ್ತು. ಆರೈಕೆ ಹೇಗಿದೆ ಅನ್ನೋದು ಕೆಳಗಿನ ವಿಷಯಗಳಲ್ಲಿ ಗೊತ್ತಾಗುತ್ತೆ. ಇವೆಲ್ಲ ಕಾಯ್ದೆಯಲ್ಲೇ ಬರೆದಿರೋದು.

ದಿನದ ಬದುಕು: ಹೊಟ್ಟೆ ತುಂಬ ಒಳ್ಳೆ ಊಟ, ಶುಚಿಯಾದ ಕಕ್ಕಸು, ಸ್ನಾನಕ್ಕೆ ನೀರು, ಮಲಗೋಕೆ ಜಾಗ. ಹೆಂಗಸರಿಗೆ ಮುಟ್ಟಿನ ಸಮಯದಲ್ಲಿ ಬೇಕಾದ ಪ್ಯಾಡು. ಮೈ ಮುಚ್ಚುವ ಬಟ್ಟೆ. ತಮ್ಮದೇ ಬಟ್ಟೆ ಹಾಕಿಕೊಳ್ತೀನಿ ಅಂದ್ರೆ ಯೂನಿಫಾರ್ಮ್ ಹಾಕು ಅಂತ ಬಲವಂತ ಮಾಡುವ ಹಾಗಿಲ್ಲ. ಹೇನು, ಸೆಕೆ ಅಂತ ಕಾರಣ ಹೇಳಿ ತಲೆ ಬೋಳಿಸುವ ಹಾಗಿಲ್ಲ. ಕಸ ಗುಡಿಸು, ಪಾತ್ರೆ ತೊಳಿ ಅಂತ ಬಲವಂತದ ಕೆಲಸ ಇಲ್ಲ. ಇಷ್ಟಪಟ್ಟು ಕೆಲಸ ಮಾಡಿದರೆ ಕೂಲಿ ಕೊಡಬೇಕು.

ಕಟ್ಟಿಹಾಕೋದು: ಸರಪಳಿ ಹಾಕೋದು ಸಂಪೂರ್ಣ ನಿಷೇಧ. ಒಂಟಿ ಕೋಣೆಯಲ್ಲಿ ಕೂಡಿಹಾಕೋದೂ ನಿಷೇಧ. ಆ ಕ್ಷಣದಲ್ಲಿ ಅಪಾಯ ತಪ್ಪಿಸೋಕೆ ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಕೈಕಾಲು ಕಟ್ಟಬಹುದು. ಅದಕ್ಕೆ ಮನೋವೈದ್ಯರ ಒಪ್ಪಿಗೆ ಬೇಕು, ಎಷ್ಟು ಹೊತ್ತು ಅಂತ ಬರೆದಿಡಬೇಕು, ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು, ತಿಂಗಳಿಗೊಮ್ಮೆ ಮಂಡಳಿಗೆ ಲೆಕ್ಕ ಕೊಡಬೇಕು. ಶಿಕ್ಷೆ ಅಂತ ಕಟ್ಟುವ ಹಾಗಿಲ್ಲ. ಸಿಬ್ಬಂದಿ ಕಮ್ಮಿ ಇದ್ದಾರೆ ಅಂತಲೂ ಕಟ್ಟುವ ಹಾಗಿಲ್ಲ. ಇದು ಮುಖ್ಯ. ಯಾಕಂದ್ರೆ ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದಾಗ ಮೊದಲು ಕೈ ಹೋಗೋದು ಹಗ್ಗಕ್ಕೇ.

ಕರೆಂಟ್ ಚಿಕಿತ್ಸೆ ಮತ್ತು ಔಷಧಿ: ಕರೆಂಟ್ ಕೊಡೋದು ಅಂದಕೂಡಲೇ ಮನೆಯವರು ಹೆದರ್ತಾರೆ. ಕೆಲವು ಕಾಯಿಲೆಗೆ ಅದು ಒಪ್ಪಿತ ಚಿಕಿತ್ಸೆಯೇ. ಆದರೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವ ಹಾಗಿಲ್ಲ. ಮಕ್ಕಳಿಗೆ ಪೋಷಕರ ಒಪ್ಪಿಗೆಯ ಜೊತೆ ಮಂಡಳಿಯ ಮುಂಗಡ ಅನುಮತಿಯೂ ಬೇಕು. ಔಷಧಿ ವಿಷಯದಲ್ಲಿ ಕೇಳಬೇಕಾದ್ದು: ಯಾವ ಮಾತ್ರೆ, ಯಾತಕ್ಕೆ, ಅಡ್ಡ ಪರಿಣಾಮ ಏನು? ಇಡೀ ದಿನ ತೂಗಾಡಿಸಿ ಮಲಗಿಸಿಡೋದನ್ನು ಚಿಕಿತ್ಸೆ ಅನ್ನೋಕಾಗಲ್ಲ.

ಮಾತು, ಫೋನು, ಭೇಟಿ: ಸರಿಯಾದ ಸಮಯದಲ್ಲಿ ಮನೆಯವರನ್ನು ನೋಡೋದು, ಫೋನ್ ಮಾಡೋದು ರೋಗಿಯ ಹಕ್ಕು. ಮಂಡಳಿಯ ವಿಳಾಸ ಮತ್ತು ಫೋನ್ ನಂಬರನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಹಾಕಿರಬೇಕು. ಮಂಡಳಿಗೆ ಅರ್ಜಿ ಹಾಕುವ ಫಾರಂ ಕೇಳಿದರೆ ಕೊಡಬೇಕು, ಮಂಡಳಿಗೆ ಫೋನ್ ಮಾಡೋಕೆ ದುಡ್ಡಿಲ್ಲದೆ ಅವಕಾಶ ಕೊಡಬೇಕು. ಆ ಬೋರ್ಡು ಇದೆಯೋ ಇಲ್ಲವೋ ಅಂತ ಯಾರು ಬೇಕಾದರೂ ಒಂದೇ ನಿಮಿಷದಲ್ಲಿ ನೋಡಬಹುದು.

ಹೊರಗೆ ಬರುವ ದಾರಿ: ಮನೆ ಇಲ್ಲ, ಮನೆಯವರು ಕರೆಸಿಕೊಳ್ಳಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಡಿಸ್ಚಾರ್ಜ್ ಮಾಡುವ ಮುಂಚೆ ರೋಗಿ, ಮನೆಯವರು, ಮುಂದೆ ನೋಡುವ ವೈದ್ಯರು ಎಲ್ಲರ ಜೊತೆ ಮಾತಾಡಿ ಮುಂದಿನ ಚಿಕಿತ್ಸೆ ಹೇಗೆ ಅಂತ ಗೊತ್ತು ಮಾಡಬೇಕು.

ಹೇಗೆ ನೋಡಬೇಕು?

ಇಲ್ಲೇ ತಪಾಸಣೆ ಎಡವೋದು. ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿ ಆಸ್ಪತ್ರೆಗಳಿಗೆ ದರ್ಜೆ ಕೊಡೋಕೆ ಅಂತಲೇ ಒಂದು ಆಯೋಗ ಇದೆ. ಮ್ಯಾಂಚೆಸ್ಟರ್ ಹತ್ತಿರದ ಈಡನ್‌ಫೀಲ್ಡ್ ಅನ್ನೋ ಭದ್ರತೆಯ ಮಾನಸಿಕ ಆಸ್ಪತ್ರೆಯನ್ನು ನಡೆಸುವ ಟ್ರಸ್ಟಿಗೆ 'ಚೆನ್ನಾಗಿದೆ' ಅನ್ನೋ ದರ್ಜೆ ಸಿಕ್ಕಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬಿಬಿಸಿ ಒಂದು ಕಾರ್ಯಕ್ರಮ ಹಾಕಿತು. ವರದಿಗಾರರೊಬ್ಬರು ಅಲ್ಲಿ ಸಹಾಯಕ ಸಿಬ್ಬಂದಿಯಾಗಿ ಕೆಲಸಕ್ಕೆ ಸೇರಿ ಗುಟ್ಟಾಗಿ ಚಿತ್ರೀಕರಿಸಿದ್ದರು. ಸಿಬ್ಬಂದಿ ರೋಗಿಗಳನ್ನು ಬೈಯೋದು, ಅಣಕಿಸೋದು, ನೋಡದಿದ್ದರೂ ನೋಡಿದ್ದೀವಿ ಅಂತ ರಿಜಿಸ್ಟರಿನಲ್ಲಿ ಬರೆಯೋದು ಎಲ್ಲ ಹೊರಬಂತು. ಅಷ್ಟು ದುಡ್ಡು, ಅಷ್ಟು ವ್ಯವಸ್ಥೆ ಇರುವ ದೇಶದಲ್ಲೇ ಹೀಗೆ. ಕಾಗದ ನೋಡಿ ಬಂದವರಿಗೆ ಕಾಗದದಲ್ಲಿದ್ದದ್ದು ಮಾತ್ರ ಕಾಣ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಮಾನಸಿಕ ಆಸ್ಪತ್ರೆ ತಪಾಸಣೆಗೆ ಅಂತಲೇ ಒಂದು ಕೈಪಿಡಿ ತಂದಿದೆ. ನಮ್ಮ ದೇಶದಲ್ಲಿ ಗುಜರಾತಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದ್ದಾರೆ. ಅದರ ಪ್ರಕಾರ ಮೂರು ಕೆಲಸ ಆಗಬೇಕು: ಕಣ್ಣಿಂದ ನೋಡೋದು, ದಾಖಲೆ ಓದೋದು, ರೋಗಿ, ಮನೆಯವರು, ಸಿಬ್ಬಂದಿ ಮೂವರ ಜೊತೆ ಬೇರೆ ಬೇರೆಯಾಗಿ ಮಾತಾಡೋದು. ತಂಡದಲ್ಲಿ ವೈದ್ಯರು ಮಾತ್ರ ಇದ್ದರೆ ಸಾಲದು, ಕಾಯಿಲೆ ಅನುಭವಿಸಿ ಹೊರಗೆ ಬಂದವರೂ ಇರಬೇಕು. ಅವರಿಗೆ ಏನು ಕೇಳಬೇಕು ಅಂತ ಗೊತ್ತಿರುತ್ತೆ.

ಹೇಳದೆ ಕೇಳದೆ ಹೋಗಬೇಕು. ರಾತ್ರಿ ಪಾಳಿಯಲ್ಲೂ, ಭಾನುವಾರವೂ ಹೋಗಬೇಕು. ರೋಗಿ ಜೊತೆ ಮಾತಾಡುವಾಗ ವಾರ್ಡಿನವರು ಪಕ್ಕದಲ್ಲಿ ನಿಂತಿರಬಾರದು. ದೂರಿನ ರಿಜಿಸ್ಟರ್ ತೆಗೆಸಿ ನೋಡಬೇಕು. ವರ್ಷಗಟ್ಟಲೆ ಒಂದೂ ದೂರಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ ಖುಷಿಪಡುವ ಹಾಗಿಲ್ಲ, ಬರೆಯೋಕೆ ಬಿಟ್ಟಿದ್ದಾರಾ ಅಂತ ಕೇಳಬೇಕು.

ನಮ್ಮ ದೇಶದಲ್ಲೇ ಹುಟ್ಟಿದ ಇನ್ನೊಂದು ಉಪಾಯವೂ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನೋರು ಆವರಣದಲ್ಲೇ ಟೆಂಟು ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ರೋಗಿಗಳು ಬೇಗ ಚೇತರಿಸಿಕೊಂಡರು, ಮನೆಯವರಿಗೂ ಕಾಯಿಲೆ ಅರ್ಥ ಆಯ್ತು. ನಿಮ್ಹಾನ್ಸ್‌ನಲ್ಲೂ ಮನೆಯವರು ಜೊತೆಗಿರುವ ತೆರೆದ ವಾರ್ಡುಗಳಿವೆ. ಮನೆಯವರು ಒಳಗಿದ್ದರೆ ಅದಕ್ಕಿಂತ ಒಳ್ಳೆ ತಪಾಸಣೆ ಬೇರೆ ಇಲ್ಲ.

ಸೇರಿಸುವ ಮುಂಚೆ, ಭೇಟಿಗೆ ಹೋದಾಗ: ಮನೆಯವರ ಪಟ್ಟಿ

1. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ದುಡ್ಡು ಕಟ್ಟಬೇಡಿ. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲಕ್ಕೇ 5 ಸಾವಿರದಿಂದ 50 ಸಾವಿರ ರೂಪಾಯಿ ದಂಡ ಇದೆ. ಮತ್ತೆ ಮತ್ತೆ ಮಾಡಿದರೆ 5 ಲಕ್ಷದವರೆಗೆ.

2. ಮನೋವೈದ್ಯರ ಹೆಸರು ಕೇಳಿ. ವಾರದಲ್ಲಿ ಎಷ್ಟು ದಿನ ಬರ್ತಾರೆ, ರಾತ್ರಿ ಯಾರು ಇರ್ತಾರೆ ಅಂತ ಕೇಳಿ.

3. ರೋಗಿಯ ಪ್ರತಿನಿಧಿ ಅಂತ ಯಾರ ಹೆಸರು ಬರೆದಿದ್ದಾರೆ ನೋಡಿ. ಆ ಪ್ರತಿನಿಧಿಯನ್ನು ಆರಿಸುವ ಹಕ್ಕು ರೋಗಿಯದು. ದಾಖಲೆಯಲ್ಲಿ ಹೆಸರಿರುವವರಿಗೇ ಆಸ್ಪತ್ರೆ ಮಾಹಿತಿ ಕೊಡಬೇಕಾಗಿರೋದು.

4. "ಒಂದು ತಿಂಗಳು ಯಾರೂ ಬರಬೇಡಿ, ಫೋನೂ ಮಾಡಬೇಡಿ" ಅಂದ್ರೆ ಅನುಮಾನ ಪಡಿ. ಯಾಕೆ ಅಂತ ಬರೆದು ಕೊಡಿ ಅನ್ನಿ.

5. ಭೇಟಿಗೆ ಹೋದಾಗ ಹತ್ತು ನಿಮಿಷವಾದರೂ ಒಬ್ಬರೇ ಕೂತು ಮಾತಾಡಿ. ಊಟ ಏನು, ಯಾರು ಬೈತಾರೆ, ರಾತ್ರಿ ನಿದ್ದೆ ಬರುತ್ತಾ ಅಂತ ಕೇಳಿ. ಮಣಿಕಟ್ಟು, ಕಾಲಿನ ಗಂಟಿನ ಹತ್ತಿರ ಗಾಯ, ಕಪ್ಪುಗಟ್ಟಿದ ಗುರುತು ಇದೆಯಾ ನೋಡಿ. ತೂಕ ಇಳಿದಿದೆಯಾ ನೋಡಿ.

6. ಅವರು ಹೇಳಿದ್ದನ್ನು 'ಕಾಯಿಲೆ ಮಾತು' ಅಂತ ತಳ್ಳಿಹಾಕಬೇಡಿ. ಎಲ್ಲವೂ ನಿಜ ಇರಲಿಕ್ಕಿಲ್ಲ. ಆದರೆ ಹೊಡೆದರು ಅಂದ್ರೆ ವಿಚಾರಿಸಬೇಕು.

7. ಚಿಕಿತ್ಸಾ ದಾಖಲೆಯ ನಕಲು ಕೇಳಿ. ದಾಖಲೆ ನೋಡೋದು ರೋಗಿಯ ಹಕ್ಕು. ದುಡ್ಡು ಕಟ್ಟಿದ ರಸೀದಿ, ಔಷಧಿ ಚೀಟಿ ಎಲ್ಲ ಇಟ್ಟುಕೊಳ್ಳಿ.

8. ಸೇರಿಸಿದ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. 30 ದಿನ ಆದ ಮೇಲೂ ಇಟ್ಟುಕೊಂಡರೆ ಮಂಡಳಿ ಒಪ್ಪಿಗೆ ಎಲ್ಲಿ ಅಂತ ಕೇಳಿ.

ದೂರು ಕೊಡೋದು ಹೇಗೆ?

ಮೊದಲು ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ ಬರಹದಲ್ಲಿ ಕೊಡಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಉತ್ತರ ತೃಪ್ತಿ ಆಗದಿದ್ದರೆ ಪರಿಶೀಲನಾ ಮಂಡಳಿಗೆ, ಅಲ್ಲಿಂದಲೂ ಆಗದಿದ್ದರೆ ರಾಜ್ಯ ಪ್ರಾಧಿಕಾರಕ್ಕೆ ಹೋಗಬಹುದು. ಅರ್ಜಿಯಲ್ಲಿ ರೋಗಿಯ ಹೆಸರು, ಸೇರಿಸಿದ ದಿನ, ಏನಾಯ್ತು, ಯಾವತ್ತು ಆಯ್ತು, ನೀವು ಕಣ್ಣಾರೆ ಕಂಡಿದ್ದು ಏನು, ರೋಗಿ ಹೇಳಿದ್ದು ಏನು ಅಂತ ಬೇರೆ ಬೇರೆಯಾಗಿ ಬರೆಯಿರಿ. ಹೊಡೆತ, ಲೈಂಗಿಕ ದೌರ್ಜನ್ಯ ಅನ್ನೋ ಅನುಮಾನ ಇದ್ದರೆ ಕಾಯಬೇಡಿ, ನೇರ ಪೊಲೀಸ್ ಠಾಣೆಗೆ ಹೋಗಿ.

ಅರ್ಜಿ ಬರೆಯೋಕೆ ಬರಲ್ಲ, ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅನ್ನೋರು ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯನ್ನೋ ಕೇಳಿ. ಉಚಿತ ಸಹಾಯವಾಣಿ 15100.

ನಮ್ಮ ಹತ್ತಿರ ಎಲ್ಲಿ ತೋರಿಸಬಹುದು?

ಎಷ್ಟೋ ಜನರನ್ನು ಬೀಗದ ವಾರ್ಡಿಗೆ ಕಳಿಸುವ ಅಗತ್ಯವೇ ಬರಲ್ಲ, ಬೇಗ ತೋರಿಸಿ ಮಾತ್ರೆ ತಪ್ಪಿಸದಿದ್ದರೆ. ರಾಜ್ಯದಲ್ಲಿ 'ಮನೋಚೈತನ್ಯ' ಅನ್ನೋ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೋ, ಆಶಾ ಕಾರ್ಯಕರ್ತೆ ಹತ್ತಿರವೋ ಕೇಳಿಕೊಂಡು ಹೋಗಿ. ಮಂಡ್ಯದ ಮಿಮ್ಸ್, ನಾಗಮಂಗಲ ಕಡೆಯವರಿಗೆ ಬೆಳ್ಳೂರು ಕ್ರಾಸ್ ಹತ್ತಿರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರ. ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ 24 ಗಂಟೆಯೂ ಇರುತ್ತೆ. ಮನೆಯಲ್ಲೇ ಕೂತು ಮಾತಾಡೋಕೆ ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ದಿನದ ಯಾವ ಹೊತ್ತಿಗಾದರೂ ಮಾಡಬಹುದು.

ಊರಿನವರ ಪಾಲು

ಕೊನೆಗೆ ಒಂದು ಮಾತು. ಸರಿಯಾದ ತಪಾಸಣೆ ಆಗಿ "ಇವರು ಗುಣವಾಗಿದ್ದಾರೆ, ಕರೆದುಕೊಂಡು ಹೋಗಿ" ಅಂತ ಆಸ್ಪತ್ರೆಯವರು ಫೋನ್ ಮಾಡಿದಾಗ ಈ ಕಡೆ ಫೋನ್ ಎತ್ತಬೇಕಲ್ಲ. ನಂಬರ್ ಬದಲಾಯಿಸಿದವರು, ತಪ್ಪು ವಿಳಾಸ ಕೊಟ್ಟು ಬಂದವರು ಇದ್ದಾರೆ. ಅವರನ್ನು ಬೈಯೋದು ಸುಲಭ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದರೆ, ಅಕ್ಕಪಕ್ಕದವರು ಆಡಿಕೊಂಡರೆ ಅವರಾದರೂ ಏನು ಮಾಡ್ತಾರೆ? ಅದಕ್ಕೇ ಇದು ಆ ಒಂದು ಮನೆಯವರ ಕೆಲಸ ಅಷ್ಟೇ ಅಲ್ಲ.

ವಾಪಸ್ ಬಂದವರು ಅಂಗಡಿ ಮುಂದೆ ನಿಂತರೆ ಮುಂಚಿನ ಹಾಗೇ ಹೆಸರು ಹಿಡಿದು ಮಾತಾಡಿಸಿ. ಆಲೆಮನೆಯಲ್ಲೋ, ಗ್ಯಾರೇಜಿನಲ್ಲೋ, ಅಂಗಡಿಯಲ್ಲೋ ಕೈಲಾಗುವ ಕೆಲಸ ಇದ್ದರೆ ಕೊಡಿ, ಕೂಲಿ ಎಲ್ಲರಷ್ಟೇ ಕೊಡಿ. ಮೆಡಿಕಲ್ ಸ್ಟೋರಿನವರು ಮಾತ್ರೆ ಕೊಡುವಾಗ ಜೋರಾಗಿ ಹೆಸರು ಹೇಳಬೇಡಿ. ಮಾತ್ರೆ ತಗೊಳ್ಳೋಕೆ ಬರೋದು ನಿಂತು ಹೋದರೆ ಮನೆಯವರಿಗೆ ಒಂದು ಮಾತು ಕೇಳಿ.

ಅಂಗಡಿಯವರ ಪ್ರಶ್ನೆಗೆ ಉತ್ತರ ಇಷ್ಟು: ಗೊತ್ತಾಗುತ್ತೆ ಅಣ್ಣ, ನೀವು ಹೋಗ್ತಾ ಇದ್ದರೆ. ಪ್ರಾಧಿಕಾರದವರು ಮೂರು ವರ್ಷಕ್ಕೊಮ್ಮೆ ಬರಬಹುದು. ನೀವು ತಿಂಗಳಿಗೆ ಎರಡು ಸಲ ಹೋಗಿ, ತಮ್ಮನ ಪಕ್ಕ ಕೂತು, ಊಟ ಆಯ್ತಾ ಅಂತ ಕೇಳಿ. ಇವನ್ನು ಕೇಳೋರು ಅವ್ರೆ ಅಂತ ವಾರ್ಡಿನವರಿಗೆ ಗೊತ್ತಾಗಲಿ.